ಯಾರ್ಕ್‌ನಲ್ಲಿ ಎರಡು ದಿನ, ಒಂದು ರಾತ್ರಿ: ಕಡಿಮೆ ಖರ್ಚಿನ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಉತ್ತರ ಭಾಗದ ಹಳೆಯ ಊರು ಯಾರ್ಕ್‌ನಲ್ಲಿ ನೋಡುವಂಥದ್ದರಲ್ಲಿ ಬಹುಪಾಲಿಗೆ ಟಿಕೆಟ್ಟೇ ಇಲ್ಲ. ಊರನ್ನು ಬಳಸಿ ನಿಂತ ಸುಮಾರು 3.4 ಕಿಲೋಮೀಟರ್ ಕೋಟೆಗೋಡೆಯ ಮೇಲೆ ನಡೆಯಲು ಕಾಸು ಕೊಡಬೇಕಿಲ್ಲ. ರೈಲ್ವೆ ಮ್ಯೂಸಿಯಂ ಪುಕ್ಕಟೆ. ಸಂಜೆ ಕೆಥೆಡ್ರಲ್ಲಿನ, ಅಂದರೆ ಊರ ದೊಡ್ಡ ಚರ್ಚಿನ ಒಳಗೆ ಕೂತು ಗಾಯನ ಕೇಳುವುದೂ ಪುಕ್ಕಟೆ. ಹೀಗಿದ್ದೂ ಹೋಗಿಬಂದವರು ಜೇಬು ಖಾಲಿಯಾಯಿತು ಎಂದು ಗೊಣಗುವುದುಂಟು. ದುಡ್ಡು ಸೋರುವುದು ಊರು ಮುಟ್ಟುವ ಮೊದಲೇ, ಮೂರು ತೂತುಗಳಲ್ಲಿ: ಯಾವ ವಾರ ಹೊರಟಿರಿ, ರೈಲು ಟಿಕೆಟ್ ಯಾವಾಗ ಕೊಂಡಿರಿ, ಎಲ್ಲಿ ಮಲಗಿದಿರಿ. ಈ ಮೂರನ್ನು ಇದೇ ಅನುಕ್ರಮದಲ್ಲಿ ಮುಚ್ಚಿದರೆ ಉಳಿದದ್ದು ಸಲೀಸು.

ಲೀಡ್ಸ್, ಶೆಫೀಲ್ಡ್, ಮ್ಯಾಂಚೆಸ್ಟರ್‌ಗಳಲ್ಲಿ ಓದುತ್ತಿರುವ ಕನ್ನಡದ ಹುಡುಗ-ಹುಡುಗಿಯರು, ಅವರನ್ನು ನೋಡಲು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರುವ ಅಪ್ಪ-ಅಮ್ಮ, ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ಇಳಿಯಬೇಕೆನ್ನುವವರು: ಈ ಲೆಕ್ಕ ಇವರೆಲ್ಲರಿಗಾಗಿ. ದರಗಳೆಲ್ಲ 2025ರ ಸುಮಾರಿನವು. ಹೊರಡುವ ಮೊದಲು ಆಯಾ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಮೊದಲನೆಯದು: ದಿನ ಆರಿಸುವುದು

ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಬೇಡದ ದಿನಗಳನ್ನು ಹೊಡೆದುಹಾಕಿ. ಮೊದಲು ಶುಕ್ರವಾರ ಮತ್ತು ಶನಿವಾರದ ರಾತ್ರಿಗಳು. ಇಂಗ್ಲೆಂಡಿನ ಉತ್ತರ ಭಾಗದ ಜನ ವಾರಾಂತ್ಯದ ಮೋಜಿಗೆ, ಮದುವೆಗೆ ಮುಂಚಿನ ಗೆಳೆಯರ ಪಾರ್ಟಿಗೆ ಬರುವುದು ಇದೇ ಊರಿಗೆ. ಮಂಗಳವಾರ ಸಿಗುವ ಕೋಣೆಗೆ ಶನಿವಾರ ಎರಡು ಪಟ್ಟು ಕೇಳಿದರೆ ಆಶ್ಚರ್ಯಪಡಬೇಡಿ. ಎರಡನೆಯದು ಕುದುರೆ ರೇಸ್. ಊರ ದಕ್ಷಿಣಕ್ಕಿರುವ ನೇವ್ಸ್‌ಮೈರ್ ಬಯಲಿನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬಿಡಿಬಿಡಿ ದಿನಗಳಲ್ಲಿ ರೇಸ್ ನಡೆಯುತ್ತದೆ. ಆಗಸ್ಟಿನ ಈಬೊರ್ ಹಬ್ಬದ ನಾಲ್ಕು ದಿನವಂತೂ ಊರ ಕಡೆ ತಲೆಹಾಕಬೇಡಿ. ಮೂರನೆಯದು ನವೆಂಬರ್ ನಡುವಿನಿಂದ ಕ್ರಿಸ್‌ಮಸ್‌ವರೆಗಿನ ಕ್ರಿಸ್‌ಮಸ್ ಮಾರುಕಟ್ಟೆ. ನೋಡಲು ಚಂದ, ನಿಜ. ಆದರೆ ಕಾಲಿಡಲು ಜಾಗವಿರುವುದಿಲ್ಲ, ಕೋಣೆ ಕೈಗೆಟುಕುವುದಿಲ್ಲ. ಫೆಬ್ರವರಿಯ ಶಾಲಾ ರಜೆಯಲ್ಲಿ ವೈಕಿಂಗ್ ಹಬ್ಬವಿರುತ್ತದೆ, ಆ ವಾರವೂ ಬೇಡ.

ಉಳಿದದ್ದರಲ್ಲಿ ಒಳ್ಳೆಯದು ಮಾರ್ಚ್ ಕೊನೆಯಿಂದ ಏಪ್ರಿಲ್, ಈಸ್ಟರ್ ರಜೆ ಬಿಟ್ಟು. ಆಗ ಕೋಟೆಗೋಡೆಯ ಕೆಳಗಿನ ಹುಲ್ಲಿನ ದಿಬ್ಬದ ತುಂಬ ಹಳದಿ ಡ್ಯಾಫೊಡಿಲ್ ಹೂ ಬಿಟ್ಟಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೂಡ ಸರಿ. ಜನವರಿ ಎಲ್ಲಕ್ಕಿಂತ ಅಗ್ಗ, ಆದರೆ ಸಂಜೆ ನಾಲ್ಕಕ್ಕೇ ಕತ್ತಲು, ಮತ್ತು ಗೋಡೆಯ ಬಾಗಿಲುಗಳನ್ನು ಕತ್ತಲಾಗುತ್ತಲೇ ಮುಚ್ಚಿಬಿಡುತ್ತಾರೆ. ಅಗ್ಗವೆಂದು ಹೋಗಿ ಅರ್ಧ ದಿನ ಕಳೆದುಕೊಂಡರೆ ಅದು ಅಗ್ಗವಾಗಲಿಲ್ಲ. ಮಂಗಳವಾರದಿಂದ ಗುರುವಾರದೊಳಗೆ ಒಂದು ರಾತ್ರಿ ಬೀಳುವಂತೆ ಗೊತ್ತುಮಾಡಿಕೊಳ್ಳಿ.

ಎರಡನೆಯದು: ರೈಲು ಟಿಕೆಟ್

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ಸುಮಾರು 2 ಗಂಟೆ. ಒಂದೇ ರೈಲು, ಒಂದೇ ಸೀಟು. ಮೊದಲೇ ಕೊಂಡವರು ಕೊಟ್ಟ ದುಡ್ಡಿನ ಮೂರು-ನಾಲ್ಕು ಪಟ್ಟನ್ನು ಅದೇ ದಿನ ಕೌಂಟರಿಗೆ ಹೋದವರು ಕೊಟ್ಟಿರಬಹುದು. ಹಾಗಾಗಿ ಟಿಕೆಟ್ ಕೊಳ್ಳುವ ಕ್ರಮ ಮುಖ್ಯ.

ಕೊಳ್ಳಬೇಕಾದದ್ದು ಅಡ್ವಾನ್ಸ್ ಟಿಕೆಟ್. ಸಾಮಾನ್ಯವಾಗಿ ಪ್ರಯಾಣಕ್ಕೆ 8ರಿಂದ 12 ವಾರ ಮುಂಚೆ ಮಾರಾಟಕ್ಕೆ ಬರುತ್ತದೆ. ಕಡಿಮೆ ದರದ ಸೀಟುಗಳು ಇಷ್ಟೇ ಎಂದಿರುತ್ತವೆ, ಅವು ಮುಗಿದಂತೆ ದರ ಮೆಟ್ಟಿಲು ಹತ್ತುತ್ತದೆ. ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಬಿಡಿಬಿಡಿಯಾಗಿಯೇ ಕೊಳ್ಳಬೇಕು. ಟಿಕೆಟ್ಟಿನ ಮೇಲೆ ಬರೆದ ರೈಲಿಗೆ ಮಾತ್ರ ಅದು ಸಲ್ಲುತ್ತದೆ. ನಿಮ್ಮ ತಪ್ಪಿನಿಂದ ಆ ರೈಲು ಹೋಯಿತೋ, ಟಿಕೆಟ್ ಹೋಯಿತೆಂದೇ ಲೆಕ್ಕ. ನಡುವೆ ಇಳಿದು ಊರು ನೋಡಿ ಮತ್ತೆ ಹತ್ತುವುದಕ್ಕೂ ಇದರಲ್ಲಿ ಅವಕಾಶವಿಲ್ಲ. ಲಂಡನ್–ಎಡಿನ್‌ಬರೋ ಅಡ್ವಾನ್ಸ್ ಟಿಕೆಟ್ ಇಟ್ಟುಕೊಂಡು ಯಾರ್ಕ್‌ನಲ್ಲಿ ಒಂದು ರಾತ್ರಿ ಉಳಿಯುತ್ತೇವೆ ಎಂದರೆ ಆಗದು. ಲಂಡನ್–ಯಾರ್ಕ್ ಒಂದು, ಯಾರ್ಕ್–ಎಡಿನ್‌ಬರೋ ಇನ್ನೊಂದು ಎಂದು ಮೊದಲಿನಿಂದಲೇ ಕೊಳ್ಳಿ.

ಈ ಮಾರ್ಗದಲ್ಲಿ ಎಲ್‌ಎನ್‌ಇಆರ್ ಎಂಬ ಮುಖ್ಯ ರೈಲು ಕಂಪನಿಯ ಜೊತೆಗೆ ಗ್ರ್ಯಾಂಡ್ ಸೆಂಟ್ರಲ್ ಎಂಬ ಕಂಪನಿಯ ರೈಲೂ ಓಡುತ್ತದೆ. ಅದರ ಗಾಡಿಗಳು ಕಡಿಮೆ, ದರ ಎಷ್ಟೋ ಸಲ ಅಗ್ಗ. ಎರಡರ ತಾಣವನ್ನೂ ನೋಡಿ. ಒಂದು ಕಂಪನಿಗೆಂದೇ ಕೊಂಡ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಎರಡೂ ಒಂದೇ ಸ್ಟೇಷನ್ನಿನಿಂದ ಹೊರಡುವುದರಿಂದ ಗಡಿಬಿಡಿಯಲ್ಲಿ ತಪ್ಪು ಗಾಡಿ ಹತ್ತುವವರಿದ್ದಾರೆ, ಬೋರ್ಡಿನಲ್ಲಿ ಕಂಪನಿಯ ಹೆಸರನ್ನೂ ಓದಿ ಹತ್ತಿ. ಮಧ್ಯವರ್ತಿ ಆ್ಯಪ್‌ಗಳು ಬುಕಿಂಗ್ ಶುಲ್ಕ ಸೇರಿಸುವುದುಂಟು. ಅದೇ ಟಿಕೆಟ್ ರೈಲು ಕಂಪನಿಯ ಸ್ವಂತ ತಾಣದಲ್ಲಿ ಆ ಶುಲ್ಕವಿಲ್ಲದೆ ಸಿಗುತ್ತದೆ.

ಇನ್ನು ರೈಲ್‌ಕಾರ್ಡ್. ವರ್ಷಕ್ಕೆ 35 ಪೌಂಡ್, ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿತ. ಬ್ರಿಟನ್ನಿನವರೇ ಆಗಬೇಕೆಂದಿಲ್ಲ, ಪ್ರವಾಸಿಗರೂ ಕೊಳ್ಳಬಹುದು. ಲೆಕ್ಕ ಸರಳ: 105 ಪೌಂಡಿನ ಟಿಕೆಟ್ ಕೊಳ್ಳುವವರಿಗೆ ಕಾರ್ಡಿನ ದುಡ್ಡು ಹುಟ್ಟಿತು, ಆಮೇಲಿನದೆಲ್ಲ ಉಳಿತಾಯ. 16ರಿಂದ 25 ವಯಸ್ಸಿನವರಿಗೆ ಒಂದು ಕಾರ್ಡ್. ವಯಸ್ಸು ಮೀರಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಅದೇ ಕಾರ್ಡ್ ಸಿಗುತ್ತದೆ. ಎಂಎಸ್ಸಿಗೆ ಬಂದಿರುವ 28ರ ವಯಸ್ಸಿನವರು ಎಷ್ಟೋ ಮಂದಿಗೆ ಇದು ಗೊತ್ತೇ ಇರುವುದಿಲ್ಲ. 60 ದಾಟಿದವರಿಗೆ ಸೀನಿಯರ್ ಕಾರ್ಡ್. ಗಂಡ-ಹೆಂಡತಿ ಜೊತೆಯಲ್ಲೇ ಓಡಾಡುವವರಾದರೆ ಟೂ ಟುಗೆದರ್ ಕಾರ್ಡ್ ಎಲ್ಲಕ್ಕಿಂತ ಲಾಭ: 35 ಪೌಂಡಿನ ಒಂದೇ ಕಾರ್ಡ್ ಇಬ್ಬರಿಗೂ ಆಗುತ್ತದೆ. ತಲೆಗೆ 30 ಪೌಂಡಿನಂತೆ ಇಬ್ಬರು ಹೋಗಿಬಂದರೆ 120 ಪೌಂಡ್. 40 ಉಳಿಯಿತು, ಒಂದೇ ಪ್ರಯಾಣದಲ್ಲಿ ಕಾರ್ಡಿನ ಬೆಲೆ ತೀರಿತು. ಆದರೆ ಕಾರ್ಡಿನಲ್ಲಿ ಹೆಸರಿರುವ ಇಬ್ಬರೂ ಜೊತೆಗೇ ಇರಬೇಕು, ಕೆಲಸದ ದಿನಗಳಲ್ಲಿ ಬೆಳಿಗ್ಗೆ 9:30ಕ್ಕೆ ಮುಂಚಿನ ಗಾಡಿಗೆ ನಡೆಯದು. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, 15ರವರೆಗೆ ಅರ್ಧ.

ಲೀಡ್ಸ್‌ನಿಂದ ಬರುವವರ ಕಥೆಯೇ ಬೇರೆ. ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಇನ್ನೂ ಅಗ್ಗವಾಗಬೇಕಾದರೆ ಕೋಸ್ಟ್‌ಲೈನರ್ ಬಸ್ಸಿದೆ. ಇಂಗ್ಲೆಂಡಿನಲ್ಲಿ ಒಂದು ಕಡೆಯ ಬಸ್ ಪ್ರಯಾಣಕ್ಕೆ 3 ಪೌಂಡಿನ ಮಿತಿ ಹಾಕಿರುವುದರಿಂದ ಇದು ರೈಲಿಗಿಂತ ಸಸ್ತಾ, ಹಿಡಿಯುವುದು ಒಂದು ಗಂಟೆಗೂ ಮೇಲೆ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಿಂದ ಯಾರ್ಕ್‌ಗೆ ನೇರ ರೈಲಿದೆ, ಲಂಡನ್ನಿಗೆ ಹೋಗಿ ಬರಬೇಕಿಲ್ಲ. ಲಂಡನ್ನಿನಿಂದ ಕೋಚ್ ಬಸ್ಸೂ ಇದೆ. ಐದಾರು ಗಂಟೆ ಕೂರಬೇಕು. ರೈಲಿನ ಅಡ್ವಾನ್ಸ್ ಕೈತಪ್ಪಿದಾಗ ಮಾತ್ರ ಅದರ ಯೋಚನೆ ಮಾಡಿ. ಕಾರಿದ್ದವರು ಊರೊಳಗೆ ತರಲೇಬೇಡಿ. ಹೊರವಲಯದ ಪಾರ್ಕ್ ಅಂಡ್ ರೈಡ್ ನಿಲ್ದಾಣದಲ್ಲಿ ಬಿಟ್ಟರೆ ಪಾರ್ಕಿಂಗ್ ಪುಕ್ಕಟೆ, ಬಸ್ಸಿಗಷ್ಟೇ ದುಡ್ಡು.

ಮೂರನೆಯದು: ಮಲಗುವ ಜಾಗ

ಯಾರ್ಕ್ ಚಿಕ್ಕ ಊರು. ಸ್ಟೇಷನ್ನಿನಿಂದ ಕೆಥೆಡ್ರಲ್ಲಿಗೆ ನಡೆದರೆ ಕಾಲು ಗಂಟೆ. ಹಾಗಾಗಿ ಗೋಡೆಯೊಳಗೇ ಕೋಣೆ ಬೇಕೆನ್ನುವುದು ಬರೀ ಶೋಕಿ. ಗೋಡೆಯ ಹೊರಗೆ, 15–20 ನಿಮಿಷ ನಡೆಯುವಷ್ಟು ದೂರದ ಗೆಸ್ಟ್‌ಹೌಸ್‌ಗಳಲ್ಲಿ ಮತ್ತು ಟ್ರಾವೆಲಾಜ್, ಪ್ರೀಮಿಯರ್ ಇನ್‌ನಂಥ ಸರಣಿ ಹೋಟೆಲುಗಳಲ್ಲಿ ವಾರದ ನಡುವೆ ಮೊದಲೇ ಕಾಯ್ದಿರಿಸಿದರೆ ಇಬ್ಬರಿಗೆ 60ರಿಂದ 90 ಪೌಂಡಿಗೆ ಕೋಣೆ ಸಿಗುವ ಸಾಧ್ಯತೆಯಿದೆ. ಅಗ್ಗದ ದರದಲ್ಲಿ ರದ್ದು ಮಾಡಿದರೆ ಹಣ ಹಿಂತಿರುಗುವುದಿಲ್ಲ. ರೈಲು ಟಿಕೆಟ್ ಗಟ್ಟಿಯಾದ ಮೇಲೆಯೇ ಅಂಥ ಕೋಣೆ ಕಾಯ್ದಿರಿಸಿ.

ಒಂಟಿಯಾಗಿ ಹೋಗುವವರಿಗೆ ಹಾಸ್ಟೆಲ್ ಡಾರ್ಮಿಟರಿಯ ಹಾಸಿಗೆ ಸಾಕು. ಕ್ಲಿಫ್ಟನ್‌ನಲ್ಲಿ ವೈಎಚ್‌ಎ ಹಾಸ್ಟೆಲ್ ಇದೆ; ಕುಟುಂಬಕ್ಕೆ ಪ್ರತ್ಯೇಕ ಕೋಣೆಗಳೂ ಸಿಗುತ್ತವೆ. ಊರೊಳಗಿಂದ ಅಲ್ಲಿಗೆ ನದಿದಂಡೆಯ ದಾರಿಯಲ್ಲಿ ಸುಮಾರು ಅರ್ಧ ಗಂಟೆ ನಡಿಗೆ. ಇಲ್ಲೊಂದು ಎಚ್ಚರಿಕೆ. ಔಸ್ ನದಿಗೆ ಸ್ವೇಲ್, ಯೂರ್, ನಿಡ್ ಹೊಳೆಗಳ ನೀರೆಲ್ಲ ಬಂದು ಸೇರುತ್ತದೆ. ಯಾರ್ಕ್‌ನಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಗುಡ್ಡಗಾಡಿನಲ್ಲಿ ಜೋರು ಮಳೆಯಾಗಿ ಒಂದೆರಡು ದಿನಕ್ಕೆ ಇಲ್ಲಿ ನದಿ ಉಕ್ಕಿ ದಂಡೆಯ ದಾರಿ ಮುಳುಗಿರುತ್ತದೆ. ಚಳಿಗಾಲದಲ್ಲಿ, ಅದರಲ್ಲೂ ರಾತ್ರಿ, ಬೂಥಮ್ ರಸ್ತೆಯ ಮೇಲೆಯೇ ನಡೆಯಿರಿ.

ಲೀಡ್ಸ್‌ನಲ್ಲಿ ಕೋಣೆ ಅಗ್ಗವಾಗಿ ಕಂಡರೆ ಅಲ್ಲಿ ಉಳಿಯುವ ಯೋಚನೆ ಬರುವುದು ಸಹಜ. ಕೂಡಿ ನೋಡಿ: ಇಬ್ಬರ ಎರಡೂ ಕಡೆಯ ರೈಲು ದರ ಸೇರಿಸಿದ ಮೇಲೂ ಇಪ್ಪತ್ತು ಪೌಂಡಿಗಿಂತ ಹೆಚ್ಚು ಉಳಿಯದಿದ್ದರೆ ಬೇಡ. ಯಾರ್ಕ್ ಚೆನ್ನಾಗಿರುವುದೇ ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಆರರ ಮೇಲೆ, ಒಂದು ದಿನಕ್ಕೆಂದು ಬಂದವರೆಲ್ಲ ಹೊರಟುಹೋದಾಗ. ಆ ಹೊತ್ತಿಗೆ ನೀವೂ ರೈಲಿನಲ್ಲಿದ್ದರೆ ಬಂದು ಏನು ಬಂತು?

ಮೊದಲ ದಿನ: ಊರು ಪರಿಚಯ, ಸಂಜೆ ಗಾಯನ

ಹನ್ನೊಂದರ ಹೊತ್ತಿಗೆ ಇಳಿಯುವ ರೈಲು ಹಿಡಿಯಿರಿ. ಕೋಣೆ ಸಿಗುವುದು ಮಧ್ಯಾಹ್ನದ ಮೇಲೆಯೇ ಆದರೂ ಬಹುತೇಕ ಹೋಟೆಲುಗಳು ಚೀಲ ಇಟ್ಟುಕೊಳ್ಳುತ್ತವೆ, ಕೇಳಿ ಇಟ್ಟುಬಿಡಿ. ಅಲ್ಲಿಂದ ಲೆಂಡಲ್ ಸೇತುವೆ ದಾಟಿದರೆ ಎಡಕ್ಕೆ ಮ್ಯೂಸಿಯಂ ಗಾರ್ಡನ್ಸ್. ತೋಟಕ್ಕೆ ಪ್ರವೇಶ ಶುಲ್ಕವಿಲ್ಲ (ಒಳಗಿನ ಮ್ಯೂಸಿಯಂಗೆ ಇದೆ). ಸೇಂಟ್ ಮೇರೀಸ್ ಮಠದ ಪಾಳು ಗೋಡೆಗಳು, ರೋಮನ್ ಸೈನ್ಯದ ಕೋಟೆಯ ಮೂಲೆಯಲ್ಲಿದ್ದ ಬಹುಭುಜದ ಬುರುಜು ಎರಡೂ ಇಲ್ಲೇ ಇವೆ. ಬುರುಜಿನ ಕೆಳಭಾಗದ ಚಿಕ್ಕ ಕಲ್ಲುಗಳು ರೋಮನ್ನರವು, ಮೇಲಿನ ದೊಡ್ಡವು ಮಧ್ಯಯುಗದವು. ಹತ್ತಿರ ನಿಂತರೆ ಎರಡರ ನಡುವಿನ ಗೆರೆ ಕಣ್ಣಿಗೇ ಕಾಣುತ್ತದೆ. ರೋಮನ್ನರು ಕ್ರಿ.ಶ. 71ರಲ್ಲಿ ಇಲ್ಲಿ ಬೀಡು ಬಿಟ್ಟರು. ಕಾನ್‌ಸ್ಟಂಟೈನ್‌ನನ್ನು 306ರಲ್ಲಿ ಸೈನಿಕರು ಚಕ್ರವರ್ತಿಯೆಂದು ಕೂಗಿದ್ದು ಈ ಊರಿನಲ್ಲೇ.

ತೋಟದ ಪಕ್ಕದ ಎಕ್ಸಿಬಿಷನ್ ಸ್ಕ್ವೇರ್‌ನಿಂದ ಯಾರ್ಕ್‌ನ ಸ್ವಯಂಸೇವಕ ಮಾರ್ಗದರ್ಶಕರ ಸಂಘದವರು ನಡಿಗೆ ಪ್ರವಾಸ ಮಾಡಿಸುತ್ತಾರೆ. 1951ರಿಂದ ನಡೆದುಬಂದದ್ದು. ಬೆಳಿಗ್ಗೆ 10:15ಕ್ಕೊಂದು, ಮಧ್ಯಾಹ್ನ 1:15ಕ್ಕೊಂದು, ಸುಮಾರು ಎರಡು ಗಂಟೆಯ ನಡಿಗೆ. ಬೇರೆ ಊರುಗಳಲ್ಲಿ ಫ್ರೀ ಟೂರ್ ಎಂದು ಕರೆದು ಕೊನೆಗೆ ಟಿಪ್ಸಿಗೆ ಕೈಯೊಡ್ಡುವ ರೂಢಿಯಿದೆಯಲ್ಲ, ಇಲ್ಲಿ ಅದಿಲ್ಲ. ಇವರು ಟಿಪ್ಸ್ ತೆಗೆದುಕೊಳ್ಳುವುದೇ ಇಲ್ಲ. ಎರಡು ದಿನದಲ್ಲಿ ಒಂದೇ ಒಂದು ಕೆಲಸಕ್ಕೆ ಸಮಯವಿದ್ದರೆ ಇದನ್ನೇ ಮಾಡಿ ಎನ್ನಬಹುದು.

ಮೂರೂಕಾಲಿಗೆ ನಡಿಗೆ ಮುಗಿದ ಮೇಲೆ ಗುಡ್ರಮ್‌ಗೇಟ್ ಬೀದಿಗೆ ಹೋಗಿ. ಅಲ್ಲಿನ ಲೇಡಿ ರೋ ಎಂಬ ಸಾಲುಮನೆಗಳು 1316ರವು. ಅವುಗಳ ಬೆನ್ನಿಗೆ, ಕಮಾನಿನ ಬಾಗಿಲೊಂದರ ಹಿಂದೆ ಹೋಲಿ ಟ್ರಿನಿಟಿ ಚರ್ಚು ಅಡಗಿದೆ. ನೆಲ ಅಂಕುಡೊಂಕು, ಮನೆತನಕ್ಕೊಂದರಂತೆ ಮರದ ಹಲಗೆ ಕಟ್ಟಿ ಬಾಗಿಲಿಟ್ಟ ಆಸನಗಳು ದೊಡ್ಡ ಪೆಟ್ಟಿಗೆಗಳ ಹಾಗೆ ನಿಂತಿವೆ. ದುಡ್ಡು ಕೇಳುವವರಿಲ್ಲ, ಜನವೂ ಕಡಿಮೆ. ಕೂತು ಕಾಲು ಚಾಚಲು ಪ್ರಶಸ್ತ ಜಾಗ.

ಐದಕ್ಕೆಲ್ಲ ಮಿನ್‌ಸ್ಟರ್ ಬಾಗಿಲಲ್ಲಿರಿ. ಇಲ್ಲಿನವರು ಕೆಥೆಡ್ರಲ್ಲನ್ನು ಮಿನ್‌ಸ್ಟರ್ ಎಂದೇ ಕರೆಯುವುದು. ಈಗಿನ ಕಟ್ಟಡವನ್ನು 1220ರ ಸುಮಾರಿಗೆ ಶುರುಮಾಡಿ 1472ರಲ್ಲಿ ಮುಗಿಸಿದರು. ಹಗಲಿನಲ್ಲಿ ಒಳಗೆ ನೋಡಲು 20 ಪೌಂಡಿನ ಆಸುಪಾಸು ಟಿಕೆಟ್. ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಯಾರು ಬೇಕಾದರೂ ಬರಬಹುದು, ಶುಲ್ಕವಿಲ್ಲ, ಯಾವ ಧರ್ಮ ಎಂದು ಕೇಳುವವರಿಲ್ಲ. ಸಾಮಾನ್ಯವಾಗಿ ವಾರದ ದಿನಗಳಲ್ಲಿ 5:30ಕ್ಕೆ, ಭಾನುವಾರ 4ಕ್ಕೆ. ಆಯಾ ದಿನದ ವೇಳೆ ಮಿನ್‌ಸ್ಟರ್ ತಾಣದಲ್ಲಿರುತ್ತದೆ. ಅದರಲ್ಲೇ ಆ ದಿನ ಹಾಡುತ್ತಾರೋ, ಬರೀ ಓದುತ್ತಾರೋ ಎಂದೂ ಬರೆದಿರುತ್ತದೆ. ಓದುವ ದಿನ ಹೋದರೆ ನಿರಾಸೆ ಖಂಡಿತ. ಶಾಲಾ ರಜೆಯ ದಿನಗಳಲ್ಲಿ ಹೊರಗಿನ ಗಾಯಕವೃಂದಗಳು ಬಂದು ಹಾಡುವುದೂ ಉಂಟು.

ಬಾಗಿಲಲ್ಲಿ ಈವನ್‌ಸಾಂಗ್‌ಗೆ ಬಂದೆವು ಎಂದರೆ ಸಾಕು, ಗಾಯಕರು ಕೂರುವ ಮರದ ಕೆತ್ತನೆಯ ಒಳ ಅಂಗಳಕ್ಕೆ ಕರೆದೊಯ್ದು ಕೂರಿಸುತ್ತಾರೆ. ಅರ್ಧ ಗಂಟೆ ಮುಂಚೆ ಹೋದವರಿಗೆ ಗಾಯಕರ ಹತ್ತಿರದ ಆಸನ ಸಿಗುವ ಅವಕಾಶ ಹೆಚ್ಚು. ಇದನ್ನು ಕಛೇರಿಯೆಂದು ತಿಳಿಯದೆ ನಮ್ಮ ಮಂಗಳಾರತಿಯ ಹಾಗೆ ನೋಡಿದರೆ ನಡವಳಿಕೆ ತಾನಾಗಿ ಸರಿಹೋಗುತ್ತದೆ: ಉಳಿದವರು ಎದ್ದಾಗ ಏಳಿ, ಕೂತಾಗ ಕೂರಿ, ಫೋಟೋ ತೆಗೆಯಬೇಡಿ, ನಡುವೆ ಎದ್ದು ಬರಬೇಡಿ, ಚಪ್ಪಾಳೆ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಕಲ್ಲಿನ ಕಟ್ಟಡ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ಕಾಣಿಕೆ ನಿಮ್ಮಿಷ್ಟ.

ಒಂದು ಮಾತು ತಿಳಿದಿರಲಿ. ಬಣ್ಣದ ಗಾಜು ಒಳಗಿನಿಂದ ಕಾಣುವುದು ಹೊರಗೆ ಬೆಳಕಿದ್ದಾಗ ಮಾತ್ರ. ನವೆಂಬರಿನಿಂದ ಫೆಬ್ರವರಿವರೆಗೆ ಐದೂವರೆಗೆ ಹೊರಗೆ ಕತ್ತಲು, ಒಳಗಿನ ಕಿಟಕಿಗಳೆಲ್ಲ ಕಪ್ಪು ಹಲಗೆಗಳು. ಪ್ರಾರ್ಥನೆಗೆ ಬಂದವರನ್ನು ಇಡೀ ಕಟ್ಟಡದಲ್ಲಿ ಅಡ್ಡಾಡಲೂ ಬಿಡುವುದಿಲ್ಲ. ಆದ್ದರಿಂದ ಈವನ್‌ಸಾಂಗ್ ಕೇಳಿಬಂದರೆ ಮಿನ್‌ಸ್ಟರ್ ನೋಡಿದ ಹಾಗೆ ಎಂದು ಯಾರಾದರೂ ಹೇಳಿದರೆ ಅರ್ಧ ಸತ್ಯ.

ಊಟ: ಅಗ್ಗ ಮತ್ತು ಸಸ್ಯಾಹಾರ

ಸೂಪರ್‌ಮಾರ್ಕೆಟ್ಟಿನ ಮೀಲ್ ಡೀಲ್ ಬಡವರ ಬಂಧು. ಸ್ಯಾಂಡ್‌ವಿಚ್, ಚಿಪ್ಸ್ ಅಥವಾ ಹಣ್ಣು, ಒಂದು ಪಾನೀಯ ಸೇರಿ 4 ಪೌಂಡಿನ ಆಸುಪಾಸು. ಅಂಗಡಿಯ ಸದಸ್ಯತ್ವ ಕಾರ್ಡಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಕಾರ್ಡ್ ಪುಕ್ಕಟೆಯಾಗಿ ಆ್ಯಪ್‌ನಲ್ಲೇ ಸಿಗುತ್ತದೆ. ಸಂಜೆಯ ಮೇಲೆ ಅವಧಿ ಮುಗಿಯುತ್ತಿರುವ ತಿಂಡಿಗೆ ಹಳದಿ ಚೀಟಿ ಅಂಟಿಸಿ ದರ ಇಳಿಸುತ್ತಾರೆ. ಭಾನುವಾರ ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರ ಆರು ಗಂಟೆ ಮಾತ್ರ ತೆರೆದಿರುತ್ತವೆ. ಸಂಜೆ ಆರರ ಮೇಲೆ ಚಿಕ್ಕವೇ ಗತಿ. ಬಿಸಿ ಊಟ ಬೇಕಾದರೆ ಶ್ಯಾಂಬಲ್ಸ್ ಎಂಬ ಹಳೆಯ ಓಣಿಯ ಪಕ್ಕದ ಬಯಲು ಮಾರುಕಟ್ಟೆಯ ತಿಂಡಿ ಮಳಿಗೆಗಳನ್ನು ಒಮ್ಮೆ ಸುತ್ತಿಬನ್ನಿ, ಆದರೆ ಅದು ಹಗಲಿನ ವ್ಯವಹಾರ.

ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಯಾರ್ಕ್‌ಶೈರಿನ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಎಣ್ಣೆಯ ಬದಲು ಬೀಫ್ ಡ್ರಿಪ್ಪಿಂಗ್, ಅಂದರೆ ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ಪದ್ಧತಿ, ಈಗಲೂ ಸಾಮಾನ್ಯ. ಮೀನು ಬೇಡ, ಬರೀ ಆಲೂಗಡ್ಡೆ ಚಿಪ್ಸ್ ಕೊಡಿ ಎಂದು ಕೊಂಡು ತಿಂದವರಿಗೆ ಇದು ಗೊತ್ತಾಗುವುದೇ ಇಲ್ಲ. ಕೊಳ್ಳುವ ಮೊದಲು ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಿ. ಇಲ್ಲಿ ಅದು ಸಹಜ ಪ್ರಶ್ನೆ, ಯಾರೂ ಬೇಸರಪಡುವುದಿಲ್ಲ. ಯಾರ್ಕ್‌ಶೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆಯಿದೆ, ಅದನ್ನೂ ಇದೇ ಕೊಬ್ಬಿನಲ್ಲಿ ಬೇಯಿಸುವುದುಂಟು. ಪೊಟ್ಟಣದ ಮೇಲೆ ಸಸ್ಯಾಹಾರಿ ಎಂಬ ಗುರುತಿಲ್ಲದ ಚೀಸ್ ಮತ್ತು ಜೆಲಟಿನ್ ಇರುವ ಮಿಠಾಯಿಗಳನ್ನೂ ಓದಿ ನೋಡಿ.

ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ನೀರು ಕೊಳ್ಳುವುದು ದಂಡ. ಮದ್ಯ ಮಾರುವ ಪರವಾನಗಿಯಿರುವ ಹೋಟೆಲು, ಪಬ್ಬುಗಳು ಗಿರಾಕಿಗೆ ಕೇಳಿದಾಗ ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕೆಂಬ ನಿಯಮವೇ ಇದೆ. ಹಾಸ್ಟೆಲಿನಲ್ಲಿ ಅಡುಗೆಮನೆ ಇದ್ದರೆ ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ. ಎರಡು ಹೊತ್ತಿನ ಖರ್ಚು ಉಳಿಯಿತು. ಕಾರ್ಡ್ ಉಜ್ಜುವಾಗ ಯಂತ್ರ ಪೌಂಡಿನಲ್ಲೋ ರೂಪಾಯಿಯಲ್ಲೋ ಎಂದು ಕೇಳಿದರೆ ಪೌಂಡ್ ಎಂದೇ ಒತ್ತಿ. ರೂಪಾಯಿ ಎಂದಿರೋ, ಅಂಗಡಿಯ ಕಡೆಯವರು ತಮಗೆ ಬೇಕಾದ ವಿನಿಮಯ ದರ ಹಾಕುತ್ತಾರೆ.

ಎರಡನೇ ದಿನ: ಗಾಜು, ಗೋಡೆ, ಉಗಿಬಂಡಿ

ಎಂಟು ಗಂಟೆಯೊಳಗೆ ಶ್ಯಾಂಬಲ್ಸ್ ಓಣಿಗೆ ಹೋಗಿ. ಹಿಂದೆ ಇದು ಕಟುಕರ ಬೀದಿ. ಮಹಡಿಗಳು ಒಂದರ ಮೇಲೊಂದು ಮುಂದಕ್ಕೆ ಚಾಚಿಕೊಂಡು ಎದುರುಬದುರು ಮನೆಗಳು ತಲೆಗೆ ತಲೆ ತಾಗಿಸುವಂತಿವೆ. ಕೆಲವು ಅಂಗಡಿಗಳ ಮುಂದೆ ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು ಇನ್ನೂ ಉಳಿದಿವೆ, ಕಿಟಕಿಯ ಮೇಲ್ಭಾಗ ನೋಡಿ. ಹನ್ನೊಂದರ ಮೇಲೆ ಇಲ್ಲಿ ಫೋಟೋ ತೆಗೆದರೆ ಬರುವುದು ಜನರ ಬೆನ್ನುಗಳೇ.

9:30ಕ್ಕೆ ಮಿನ್‌ಸ್ಟರ್ ತೆರೆಯುತ್ತದೆ. ಇಡೀ ಪ್ರವಾಸದಲ್ಲಿ ಒಂದೇ ಒಂದಕ್ಕೆ ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ, ಬೆಳಿಗ್ಗೆಯೇ ಕೊಡಿ. ಪೂರ್ವದ ದೊಡ್ಡ ಕಿಟಕಿಗೆ ಬೆಳಗಿನ ಬಿಸಿಲು ಹಿಂದಿನಿಂದ ಬೀಳುತ್ತದೆ. ಟೆನಿಸ್ ಅಂಗಳದಷ್ಟು ದೊಡ್ಡ ಈ ಗಾಜಿನ ಗೋಡೆಯನ್ನು ಕೊವೆಂಟ್ರಿಯ ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮುಗಿಸಿದ. ಮೂರು ವರ್ಷದ ಕೆಲಸಕ್ಕೆ ಅವನಿಗೆ ಸಿಕ್ಕ ಕೂಲಿ ಒಟ್ಟು 56 ಪೌಂಡ್. ತುತ್ತತುದಿಯಲ್ಲಿ ದೇವರು, ಕೆಳಗೆ ಸಾಲುಸಾಲಾಗಿ ಸೃಷ್ಟಿಯ ಕಥೆ, ಅದರ ಕೆಳಗೆ ಪ್ರಳಯದ ಕಥೆ. ಬರಿಗಣ್ಣಿಗೆ ಮೇಲಿನ ಚೌಕಗಳು ಬರೀ ಬಣ್ಣದ ಚುಕ್ಕಿ. ಚಿಕ್ಕ ದುರ್ಬೀನು ಇದ್ದರೆ ತನ್ನಿ, ಇಲ್ಲವೇ ಫೋನಿನ ಜೂಮ್ ಬಳಸಿ. ಉತ್ತರದ ಕಡೆಯ ಐವರು ಸಹೋದರಿಯರ ಕಿಟಕಿಯಲ್ಲಿ ಬಣ್ಣವೇ ಕಡಿಮೆ, ಬೂದು-ಹಸಿರು ಗಾಜಿನ ಬಳ್ಳಿ ಚಿತ್ತಾರ. ದಕ್ಷಿಣದ ಗುಲಾಬಿ ಕಿಟಕಿ 1984ರ ಜುಲೈ 9ರ ಬೆಂಕಿಯಲ್ಲಿ ಸಾವಿರಾರು ಚೂರಾಗಿ ಬಿರುಕು ಬಿಟ್ಟರೂ ಉದುರಲಿಲ್ಲ. ಅದನ್ನು ಕೂಡಿಸಿ ಉಳಿಸಿಕೊಂಡರು. ಎಂಟು ಮೂಲೆಯ ಚಾಪ್ಟರ್ ಹೌಸ್‌ನಲ್ಲಿ ನಡುವೆ ಕಂಬವೇ ಇಲ್ಲದೆ ಚಾವಣಿ ನಿಂತಿದೆ. ನೆಲಮಾಳಿಗೆಯ ರೋಮನ್ ಅವಶೇಷಗಳೂ ಇದೇ ಟಿಕೆಟ್ಟಿಗೆ ಸೇರಿವೆ. ಗೋಪುರ ಹತ್ತಲು ಪ್ರತ್ಯೇಕ ದುಡ್ಡು, 275 ಇಕ್ಕಟ್ಟಾದ ಸುರುಳಿ ಮೆಟ್ಟಿಲು. ಮಂಡಿನೋವಿನವರಿಗೆ ಬೇಡ, ಉಳಿದವರಿಗೂ ಅಷ್ಟು ದುಡ್ಡು ಹಾಕುವ ಅಗತ್ಯ ಕಾಣೆ, ಮಿನ್‌ಸ್ಟರ್ ಚೆನ್ನಾಗಿ ಕಾಣುವುದು ದೂರದಿಂದ.

ಭಾನುವಾರ ಬೆಳಿಗ್ಗೆ ಪೂಜೆಗಳಿರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದವರೆಗೆ ಬಾಗಿಲಿಲ್ಲ. ಕೆಲವು ದಿನ ಪದವಿ ಪ್ರದಾನಕ್ಕೆಂದು ಮುಚ್ಚಿರುತ್ತಾರೆ. ರೈಲು ಟಿಕೆಟ್ ಕೊಳ್ಳುವ ಮೊದಲೇ ಆ ದಿನಾಂಕವನ್ನು ತಾಣದಲ್ಲಿ ನೋಡಿಕೊಳ್ಳಿ. ದುಡ್ಡು ಕೊಡಲು ಮನಸ್ಸಿಲ್ಲವೇ? ಉತ್ತರಕ್ಕಿರುವ ಡೀನ್ಸ್ ಪಾರ್ಕ್‌ನ ಹುಲ್ಲಿನ ಮೇಲೆ ಕೂತು ಹೊರಗಿನ ಕಲ್ಲಿನ ಕೆಲಸವನ್ನು ನೋಡಿ, ಅದೇ ಒಂದು ಗಂಟೆ ಹಿಡಿಸುತ್ತದೆ.

ಹನ್ನೆರಡಕ್ಕೆ ಗೋಡೆ ಹತ್ತಿ. ಅದಕ್ಕೆ ಮೊದಲು ಇಲ್ಲಿನ ಭಾಷೆ ಕಲಿಯಬೇಕು: ಯಾರ್ಕ್‌ನಲ್ಲಿ ಗೇಟ್ ಎಂದರೆ ಬೀದಿ, ಬಾರ್ ಎಂದರೆ ಹೆಬ್ಬಾಗಿಲು. ಬೀದಿಗೆ ಗೇಟ್ ಎಂಬ ಹೆಸರು ಬಿಟ್ಟುಹೋದವರು ವೈಕಿಂಗರು. ಮಂಕ್ ಬಾರ್ ಎಲ್ಲಿದೆ ಎಂದು ಕೇಳಿದರೆ ಬಿಯರ್ ಸಿಗುವ ಜಾಗ ಯಾರೂ ತೋರಿಸುವುದಿಲ್ಲ.

ಗೋಡೆ ಒಂದೇ ಸಮ ಇಲ್ಲ, ನಡುನಡುವೆ ತುಂಡಾಗಿದೆ. ಅದು ತಿಳಿಯದೆ ಹೊರಟವರು ಮೊದಲ ಇಳಿಮೆಟ್ಟಿಲಲ್ಲೇ ಗೋಡೆ ಮುಗಿಯಿತೆಂದುಕೊಂಡು ವಾಪಸಾಗುತ್ತಾರೆ. ಬೂಥಮ್ ಬಾರ್‌ನಲ್ಲಿ ಹತ್ತಿ, ಮಂಕ್ ಬಾರ್ ಕಡೆಗೆ ನಡೆಯಿರಿ. ಇದೇ ಅತಿ ಚೆಲುವಾದ ಭಾಗ: ಬಲಕ್ಕೆ ಮರಗಳ ನಡುವೆ ಮಿನ್‌ಸ್ಟರ್, ಕಾಲ ಕೆಳಗೆ ಹಳೆಯ ಮನೆಗಳ ಹಿತ್ತಿಲು. ಸಮಯವಿಲ್ಲದವರು ಇಷ್ಟನ್ನೇ ನಡೆದರೂ ಸಾಕು, 20 ನಿಮಿಷ. ಮಂಕ್ ಬಾರ್ ದಾಟಿ ಸ್ವಲ್ಪ ದೂರಕ್ಕೆ ಲೇಯರ್‌ತೋರ್ಪ್‌ನಲ್ಲಿ ಗೋಡೆ ನಿಂತುಬಿಡುತ್ತದೆ. ಮಧ್ಯಯುಗದಲ್ಲಿ ಇಲ್ಲಿ ರಾಜನ ಮೀನಿನ ಕೆರೆಯಿತ್ತು, ನೀರೇ ಕಾವಲಾಗಿದ್ದರಿಂದ ಗೋಡೆ ಕಟ್ಟಲಿಲ್ಲ. ಈಗ ಅಲ್ಲಿ ಫಾಸ್ ಐಲಂಡ್ಸ್ ರಸ್ತೆ ಮತ್ತು ಮಾರಿಸನ್ಸ್‌ನಂಥ ದೊಡ್ಡ ಸೂಪರ್‌ಮಾರ್ಕೆಟ್‌ಗಳು. ಮಧ್ಯಾಹ್ನದ ಊಟ ಕೊಳ್ಳಲು ಇದೇ ಜಾಗ, ಊರ ನಡುವಿನ ಕೆಫೆಯ ಅರ್ಧ ಖರ್ಚು. ರಸ್ತೆಯಗುಂಟ ಮುಂದೆ ಹೋದರೆ ಕೆಂಪು ಇಟ್ಟಿಗೆಯ ರೆಡ್ ಟವರ್ ಹತ್ತಿರ ಗೋಡೆ ಮತ್ತೆ ಸಿಗುತ್ತದೆ. ಮುಂದೆ ವಾಮ್‌ಗೇಟ್ ಬಾರ್. ಹೆಬ್ಬಾಗಿಲ ಮುಂದಿನ ಕಾವಲು ಕೋಟೆ ಉಳಿದಿರುವುದು ಇದೊಂದಕ್ಕೇ. ಫಿಶರ್‌ಗೇಟ್ ಬಳಿ ಇಳಿದು ಸ್ಕೆಲ್ಡರ್‌ಗೇಟ್ ಸೇತುವೆಯಲ್ಲಿ ನದಿ ದಾಟಿ, ಬೈಲ್ ಹಿಲ್‌ನಲ್ಲಿ ಮತ್ತೆ ಹತ್ತಿ, ಮಿಕಲ್‌ಗೇಟ್ ಬಾರ್ ಹಾಯ್ದು ಸ್ಟೇಷನ್ನಿನ ಎದುರಿಗೇ ಬಂದು ಇಳಿಯುತ್ತೀರಿ. ಊಟ ಬಿಟ್ಟು ಎರಡೂವರೆ ಗಂಟೆ.

ಹಲವು ಕಡೆ ಗೋಡೆಯ ಒಳಬದಿಗೆ ಕಟಾಂಜನವಿಲ್ಲ. ಚಿಕ್ಕ ಮಕ್ಕಳ ಕೈ ಬಿಡಬೇಡಿ; ತಳ್ಳುಗಾಡಿ ಕೆಲಸಕ್ಕೆ ಬಾರದು, ಸೂಟ್‌ಕೇಸ್ ಎಳೆದುಕೊಂಡು ಹೋಗುವಂತೆಯೂ ಇಲ್ಲ. ಕಲ್ಲು ಸವೆದು ನುಣುಪಾಗಿದೆ, ಮಳೆ ಬಂದರೆ ಜಾರುತ್ತದೆ. ಹಿಮ ಅಥವಾ ಮಂಜುಗಡ್ಡೆ ಬಿದ್ದ ದಿನ ಪೂರ್ತಿ ಮುಚ್ಚಿರುತ್ತಾರೆ.

ಸ್ಟೇಷನ್ನಿನ ಹಿಂಭಾಗಕ್ಕೆ, ಹತ್ತು ನಿಮಿಷದಲ್ಲಿ ನ್ಯಾಷನಲ್ ರೈಲ್ವೆ ಮ್ಯೂಸಿಯಂ. ಪ್ರವೇಶ ಪುಕ್ಕಟೆ, ಸಂಜೆ ಮುಚ್ಚುವ ಮೊದಲು ಎರಡು ಗಂಟೆಯಾದರೂ ಕೈಯಲ್ಲಿರಲಿ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಬರೆದ ಮ್ಯಾಲರ್ಡ್ ಇಲ್ಲಿಯ ನೀಲಿ ನಕ್ಷತ್ರ. ಜಪಾನಿನ ಶಿಂಕಾನ್‌ಸೆನ್ ಬೋಗಿಯೊಳಗೆ ಹೋಗಿ ಕೂರಬಹುದು. ದುರಸ್ತಿಗೆಂದು ಆಗಾಗ ಒಂದೊಂದು ಹಾಲ್ ಮುಚ್ಚಿರುವುದುಂಟು, ತಾಣದಲ್ಲಿ ನೋಡಿ ಹೋಗಿ.

ಒಟ್ಟು ಲೆಕ್ಕ

ಲಂಡನ್ನಿನಿಂದ ವಾರದ ನಡುವೆ ಒಬ್ಬರಿಗೆ ಅಂದಾಜು ಹೀಗೆ: ರೈಲ್‌ಕಾರ್ಡ್ ಕಡಿತದ ನಂತರ ಹೋಗಿಬರುವ ಅಡ್ವಾನ್ಸ್ ಟಿಕೆಟ್ 45 ಪೌಂಡ್, ಹಾಸ್ಟೆಲ್ ಹಾಸಿಗೆ 35, ಎರಡು ದಿನದ ಊಟ 30, ಮಿನ್‌ಸ್ಟರ್ 20, ಬಸ್ಸಿಗೆ 6. ಒಟ್ಟು 136. ಲೀಡ್ಸ್‌ನಿಂದ ಬಸ್ಸಿನಲ್ಲಿ ಬಂದು ಅದೇ ರಾತ್ರಿ ಹಿಂತಿರುಗುವ ವಿದ್ಯಾರ್ಥಿಗೆ 6 ಪೌಂಡ್ ಬಸ್ಸು, 10 ಪೌಂಡ್ ಊಟ. ನಡಿಗೆ ಪ್ರವಾಸ, ಗೋಡೆ, ಈವನ್‌ಸಾಂಗ್ ಮೂರೂ ಆಗಿ ಇಪ್ಪತ್ತರೊಳಗೆ ಮುಗಿಯುತ್ತದೆ. ಕಡೆಯ ಬಸ್ಸಿನ ವೇಳೆಯನ್ನು ಮಾತ್ರ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಬೇಕು.

ವಾಪಸ್ ಹೋಗುವ ರೈಲು ತಡವಾದರೆ ಟಿಕೆಟ್ ಎಸೆಯಬೇಡಿ. ಡಿಲೇ ರಿಪೇ ಎಂಬ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಗೂ ಮೇಲೆ ತಡವಾಗಿ ತಲುಪಿದರೆ ಆ ಕಡೆಯ ದರದ ಅರ್ಧ, ಒಂದು ಗಂಟೆ ಮೀರಿದರೆ ಪೂರ್ತಿ ಹಿಂದಕ್ಕೆ ಬರುತ್ತದೆ. ಅಡ್ವಾನ್ಸ್ ಟಿಕೆಟ್ಟಿಗೂ ಇದು ಅನ್ವಯ. ತಾನಾಗಿ ಬರುತ್ತದೆಂದು ಕಾಯಬೇಡಿ; 28 ದಿನದೊಳಗೆ ರೈಲು ಕಂಪನಿಯ ತಾಣದಲ್ಲಿ ಟಿಕೆಟ್ಟಿನ ಚಿತ್ರ ಹಾಕಿ ಅರ್ಜಿ ತುಂಬಬೇಕು, ಐದು ನಿಮಿಷದ ಕೆಲಸ.